ಹದ್ದಿನಕಲ್ಲಿನ ಸವಾರರು ನಾವೇ, ದಯವಿಟ್ಟು ನಂಬಿರಿ

ಗುಡ್ಡ ಬಂದೋಬಸ್ತಿನ ವಿಶೇಷ ಅಧಿಕಾರಿಗಳೇ,

ಐರಣಿಯ ಕಡೆಯ ಹದ್ದಿನಕಲ್ಲು ಗುಡ್ಡದಲ್ಲಿ ತಾವು ಹುಡುಕಿಸುತ್ತಿರುವ ಮೂವರು ಕುದುರೆ ಸವಾರರು ಯಾರೆಂಬುದು ನನಗೆ ಗೊತ್ತು. ಅವರಲ್ಲಿ ಒಬ್ಬಳು ನಾನು. ಇನ್ನೊಬ್ಬಳು ನನ್ನ ಗೆಳತಿ. ಮೂರನೆಯವರು, ತಮ್ಮ ಡಂಗುರದ ಭಾಷೆಯಲ್ಲಿ ಹೇಳುವುದಾದರೆ 'ತಂಡದ ಮುಖಂಡ', ನನ್ನ ಅತ್ತೆಯವರು. ಇದನ್ನು ಹೇಳಲು ನಾವು ಮೂವರೂ ತಮ್ಮ ಕಚೇರಿಗೇ ಬಂದಿದ್ದೆವು. ತಾವು ನಂಬಲಿಲ್ಲ, ನಕ್ಕಿರಿ. ತಪ್ಪೊಪ್ಪಿಕೊಳ್ಳಲು ತಾವಾಗಿಯೇ ನಡೆದು ಬಂದವರನ್ನು ಮನೆಗೆ ಹೋಗಿರೆಂದು ಬೀಳ್ಕೊಟ್ಟ ಕಚೇರಿ ಈ ಮುಂಬಯಿ ಇಲಾಖೆಯಲ್ಲಿ ಮತ್ತೊಂದು ಇರಲಾರದು. ಆದ್ದರಿಂದ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿಯೇ ಬರೆಯುತ್ತಿದ್ದೇನೆ. ತಾವು ನಮ್ಮ ಗುಡ್ಡವನ್ನು ಮುಚ್ಚಿಸಿ, ನಮ್ಮ ಕುದುರೆಯನ್ನು ಕಟ್ಟಿಹಾಕಿಸಿದ್ದೀರಿ. ಅದು ಸಾಲದೆಂದು ಡಂಗುರ ಹೊಡೆಸಿ ನಮ್ಮ ಮೂವರನ್ನೂ ಗಂಡಸರನ್ನಾಗಿ ಮಾಡಿದ್ದೀರಿ. ಮೊದಲಿನದಕ್ಕೆಲ್ಲ ಅನ್ಯಾಯವೆಂಬ ಹೆಸರಿದೆ. ಕೊನೆಯದನ್ನು ಏನೆಂದು ಕರೆಯಬೇಕೋ, ವಕೀಲರ ಹೆಂಡತಿಯಾಗಿದ್ದೂ ನನಗೆ ತಿಳಿಯದು.

ಈ ಎರಡು ವರ್ಷಗಳಿಂದ ನಮ್ಮ ಸೀಮೆಯಲ್ಲಿ ಏನೇನು ನಡೆಯುತ್ತಿದೆಯೆಂಬುದನ್ನು ನಾನೂ ಬಲ್ಲೆ. ಎಲ್ಲೋ ತಂತಿ ಕತ್ತರಿಸುತ್ತಾರೆ, ಎಲ್ಲೋ ಚಾವಡಿಯ ದಫ್ತರ ಸುಡುತ್ತಾರೆ, ಟಪಾಲಿನ ಚೀಲ ಮಾಯವಾಗುತ್ತದೆ. ಹಾಗೆ ಮಾಡಿದವರು ಗುಡ್ಡಗಳಲ್ಲಿ ಅಡಗಿದ್ದಾರೆಂದು ಸರಕಾರ ಹೆದರಿದೆ. ಹೆದರುವುದಕ್ಕೆಂದೇ ತಮ್ಮ ಹುದ್ದೆಯನ್ನು ಹೊಸದಾಗಿ ಹುಟ್ಟಿಸಿದೆ. ಆದ್ದರಿಂದ ತಾವು ಹೆದರಿದ್ದನ್ನು ನಾನು ಆಕ್ಷೇಪಿಸುವುದಿಲ್ಲ, ಅದು ತಮ್ಮ ಕರ್ತವ್ಯ. ಆದರೆ ಹೆದರುವವರು ಕಣ್ಣು ಬಿಟ್ಟುಕೊಂಡಾದರೂ ಹೆದರಬೇಕಲ್ಲವೇ?

ನಮ್ಮದು ರಾಣೇಬೆನ್ನೂರಿನಲ್ಲಿ ಮರ್ಯಾದಸ್ಥರದೆನಿಸಿಕೊಂಡ ಮನೆ. ನನ್ನ ಯಜಮಾನರು ರಘೋತ್ತಮರು ವಕೀಲರು. ಕುದುರೆಯೆಂದರೆ ಅವರಿಗೆ ಎಷ್ಟು ಭಯವೆಂದರೆ ಟಾಂಗಾ ಹತ್ತಿದಾಗಲೂ ಅದರ ಮುಖ ಕಾಣದ ಹಾಗೆ ಹಿಂದಿನ ಸೀಟಿನಲ್ಲಿಯೇ ಕೂಡುತ್ತಾರೆ. ಅವರ ತಾಯಿ ಭಾಗೀರಥೀಬಾಯಿಯವರು ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವರು. ನಮ್ಮ ಜನದ ರೀತಿಯಂತೆ ತಲೆಗೂದಲು ತೆಗೆಸಿ, ಕೆಂಪು ಮಡಿಸೀರೆ ಉಟ್ಟು, ಅಂದಿನಿಂದ ನಡುಮನೆಯ ಆಚೆಯ ಕೋಣೆಗಳಲ್ಲಿಯೇ ಬದುಕಿದವರು. ಮುಂಬಾಗಿಲಿಗೆ ಬರುವುದಿಲ್ಲ. ಯಾರಾದರೂ ಕೆಲಸಕ್ಕೆ ಹೊರಟಾಗ ಎದುರಾದರೆ ಅವರು ಮರಳಿ ಒಳಗೆ ಹೋಗಿ ನೀರು ಕುಡಿದು ಹೊರಡಬೇಕಾಗುತ್ತದೆಂದು ತಾವಾಗಿಯೇ ಸರಿದು ನಿಲ್ಲುತ್ತಾರೆ. ಇದನ್ನೆಲ್ಲ ಕಂಡೂ ಕಾಣದ ಹಾಗೆ ನಾವು ಸುಖವಾಗಿ ಇದ್ದೆವು, ಮೊನ್ನೆಯ ದೀಪಾವಳಿಯವರೆಗೆ.

ಪಾಡ್ಯದ ದಿನ ನಮ್ಮ ಓಣಿಯಲ್ಲಿ ಯಾರೋ ಪಟಾಕಿ ಹಾರಿಸಿದರು. ಯುದ್ಧದ ಕಾಲದಲ್ಲಿ ಅದು ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಅದರ ಸಪ್ಪಳಕ್ಕೆ, ಸ್ಟೇಶನ್ನಿನ ಟಾಂಗಾದ ಬಿಳಿಯ ಹೆಣ್ಣುಕುದುರೆ ಬೆದರಿ, ಗಾಡಿಯ ಸಮೇತ ಓಣಿಗೆ ನುಗ್ಗಿತು. ಓಣಿಯಲ್ಲಿದ್ದವರೆಲ್ಲ ನಮ್ಮ ಮನೆಗೆ ನುಗ್ಗಿದರು. ನನ್ನ ಯಜಮಾನರು ಚಪ್ಪಲಿ ಕಾಲಿನಲ್ಲಿಯೇ ದೇವರ ಕೋಣೆ ಸೇರಿದರು. ಆಗ ಒಳಗಿನಿಂದ ಅತ್ತೆಯವರು ಬಂದರು. ಅಷ್ಟೂ ಜನರ ನಡುವೆ ದಾರಿ ಮಾಡಿಕೊಂಡು ಕಟ್ಟೆ ಇಳಿದು, ಓಣಿಯ ನಟ್ಟನಡುವೆ ನಿಂತು, ನಾಲಿಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡುತ್ತ ಬಲಗೈ ಚಾಚಿದರು. ಕುದುರೆ ನಿಂತಿತು. ಅವರು ಲಗಾಮು ಹಿಡಿದು ಅದರ ಹಣೆ ಸವರುತ್ತ, "ಹೆದರಿದೇನವಾ? ಮಂದೀಗೆ ಬುದ್ಧಿ ಇಲ್ಲ, ನೀ ಹೆದರಬ್ಯಾಡ" ಎಂದರು. ಟಾಂಗಾದವನು ಏದುಸಿರು ಬಿಡುತ್ತ ಓಡಿ ಬಂದು ಅವರ ಕಾಲಿಗೆ ಬೀಳಲು ಹೋದ. ಅತ್ತೆಯವರು ಲಗಾಮನ್ನು ಅವನ ಕೈಗಿತ್ತು ಸುಮ್ಮನೆ ಒಳಗೆ ಹೋದರು.

ಅಂದು ಊಟವಾದ ಮೇಲೆ ನಾನು ಬಿಡಲಿಲ್ಲ. ಕೇಳಿಯೇ ಕೇಳಿದೆ.

"ನಮ್ಮಪ್ಪ ಹಾವೇರಿಯೊಳಗ ಶಿರಸ್ತೇದಾರ ಇದ್ದರಲಾ," ಎಂದರು ಅತ್ತೆಯವರು, ಅಕ್ಕಿಯೊಳಗಿನ ಹರಳು ಆರಿಸುತ್ತ. "ಹಳ್ಳಿ ಹಳ್ಳಿ ಫಿರತೀಗೆ ಹೋಗಲಿಕ್ಕೆ ಒಂದು ಕುದುರಿ ಇತ್ತು. ನಾ ಅದರ ಮ್ಯಾಲನ ಬೆಳದೀನಿ. ಹೆಗ್ಗೇರಿ ಕೆರಿ ಸುತ್ತ ಒಬ್ಬಾಕೀನ ಓಡಸ್ತಿದ್ದೆ. ಮದವಿ ಆತು, ಮುಗೀತು."

"ಮತ್ತ ಎಂದೂ ಹತ್ತಲಿಲ್ಲೇನ್ರಿ?"

"ಯಾರು ಹತ್ತಸ್ತಾರ ನನ್ನ?" ಎಂದು ನಕ್ಕರು. ನಕ್ಕದ್ದೇನೋ ನಿಜ, ಆದರೆ ಆಮೇಲೆ ಬಹಳ ಹೊತ್ತು ಹರಳು ಆರಿಸಲಿಲ್ಲ. ಕೈ ಮೊರದಲ್ಲಿಯೇ ಇತ್ತು.

ಮರುದಿನ ಟಾಂಗಾದವನ ಮಗಳು ಮಹಮೂದಾಬೇಗಂ ಕೃತಜ್ಞತೆ ಹೇಳಲು ಬಂದಳು. ನನ್ನ ವಾರಿಗೆಯವಳು. ಗಂಡ ಮಿಲಿಟರಿಯಲ್ಲಿ ಎಲ್ಲೋ ದೂರದ ರಣರಂಗದಲ್ಲಿದ್ದಾನೆ. ಇವಳು ತವರಿನಲ್ಲಿದ್ದು ತಂದೆಯ ಕುದುರೆಗಳನ್ನು ನೋಡಿಕೊಳ್ಳುತ್ತಾಳೆ. ಬುರುಕಿಯ ಮುಖಪರದೆ ಎತ್ತಿದಳೆಂದರೆ ನಗುವುದಕ್ಕೇ ಹುಟ್ಟಿದ ಮುಖ. ಹಿತ್ತಿಲ ಬಾಗಿಲಲ್ಲಿ ಕೂತು ಅತ್ತೆಯವರ ಕಥೆಯನ್ನೆಲ್ಲ ಕೇಳಿ ಅವಳು ಹೇಳಿದ್ದು ಒಂದೇ ಮಾತು: "ಬಾಯಾರ, ಜೀನು ಐತಿ, ಕುದುರಿ ಅದಾವ, ಗುಡ್ಡ ಎಲ್ಲೂ ಓಡಿ ಹೋಗಿಲ್ಲ. ನೀವು ಹೂಂ ಅನ್ರಿ, ಅಷ್ಟ!"

ಅತ್ತೆಯವರು ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. "ಹದ್ದಿನಕಲ್ಲಿನ ತುದೀಗೆ ನಮ್ಮಪ್ಪ ಒಮ್ಮೆ ಕರಕೊಂಡ ಹೋಗ್ತೀನಿ ಅಂದಿದ್ದರು" ಎಂದಷ್ಟೇ ಹೇಳಿದರು. ನಾನು ಯಜಮಾನರ ಅಪ್ಪಣೆ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಯೋಚಿಸಿ, "ಅತ್ತಿ ಸೊಸಿ ಕುದುರಿ ಹತ್ತಬಾರದು ಅಂತ ಯಾವ ಕಾಯದೆದಾಗೂ ಇಲ್ಲ. ನನ್ನ ಮಾತ್ರ ಕರೀಬ್ಯಾಡ್ರಿ" ಎಂದರು. ಬಿಸಿಲು ಬಹಳವೆಂದು ತಮ್ಮ ಹಳೆಯ ಕೋಟನ್ನೂ ಕರಿ ಟೊಪ್ಪಿಗೆಯನ್ನೂ ನನಗೆ ಕೊಟ್ಟರು. ಮಾನ್ಯರೇ, ತಮ್ಮ ಡಂಗುರದ 'ಕೋಟು ಟೊಪ್ಪಿಗೆ ಧರಿಸಿದ ಯುವಕ' ಹೀಗೆ ಜನ್ಮ ತಾಳಿದನು.

ಒಂದು ದಿನ ನಸುಕಿನಲ್ಲಿ ಪರದೆ ಕಟ್ಟಿದ ಟಾಂಗಾದಲ್ಲಿ ಮೂವರೂ ಹೊರಟೆವು. ಅದರ ಹಿಂದೆ ಮತ್ತೆರಡು ಕುದುರೆ ಕಟ್ಟಿತ್ತು. ಗುಡ್ಡದ ಬುಡದಲ್ಲಿ ಮಹಮೂದಾಳ ತಂದೆ ಗಾಡಿ ಬಿಚ್ಚಿ, ಚಾಂದನಿಗೆ, ಅಂದರೆ ಆ ಬಿಳಿ ಕುದುರೆಗೆ, ಜೀನು ಬಿಗಿದು, ತಾನು ಹುಣಸೆಯ ನೆರಳಿನಲ್ಲಿ ಮಲಗಿಬಿಟ್ಟ. ಅತ್ತೆಯವರು ಕಲ್ಲಿನ ಮರೆಗೆ ಹೋಗಿ ಸೀರೆಯನ್ನು ಗಂಡುಕಚ್ಚೆ ಹಾಕಿ ಬಿಗಿದುಕೊಂಡು ಬಂದರು. ಜೀನಿನ ರಿಕಾಬಿಯಲ್ಲಿ ಕಾಲಿಟ್ಟು ಹತ್ತಲು ನೋಡಿದರು. ಒಂದು ಸಲ ಆಗಲಿಲ್ಲ. ಮತ್ತೊಂದು ಸಲವೂ ಆಗಲಿಲ್ಲ. "ಮಣಕಾಲು ಮರತಾವ" ಎಂದರು. ಮಹಮೂದಾ ಕೈ ಕೊಟ್ಟಳು, ನಾನು ಹಿಂದಿನಿಂದ ನೂಕಿದೆ. ಅತ್ತೆಯನ್ನು ಹೀಗೆ ನೂಕುವ ಭಾಗ್ಯ ಎಷ್ಟು ಸೊಸೆಯರಿಗೆ ಬರುತ್ತದೆ? ಅವರು ಮೇಲೆ ಕೂತು ಲಗಾಮು ಹಿಡಿದರು ನೋಡಿ, ಬೆನ್ನು ನೆಟ್ಟಗಾಯಿತು. ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಅವರನ್ನು ಬಗ್ಗಿದ ಬೆನ್ನಿನಲ್ಲಿಯೇ ಕಂಡಿದ್ದೆ. ಅವರು ನನಗಿಂತ ಎತ್ತರವೆಂಬುದು ಅಂದೇ ತಿಳಿಯಿತು.

ನನ್ನ ವಿಷಯವನ್ನು ಹೆಚ್ಚು ಹೇಳಬಾರದು. ನನಗೆ ಸಿಕ್ಕ ತಟ್ಟುಕುದುರೆಯ ಹೆಸರು ನವಾಬ. ಹೆಸರಿಗೆ ತಕ್ಕ ಹಾಗೆ ಅದು ಯಾರ ಹುಕುಮನ್ನೂ ಕೇಳುತ್ತಿರಲಿಲ್ಲ. ದಾರಿಯ ಎರಡೂ ಬದಿಯ ಎಲ್ಲ ಪೊದೆಗಳ ರುಚಿ ನೋಡಿದ ಮೇಲೆಯೇ ಒಂದು ಹೆಜ್ಜೆ. ನಾನು ಅದರ ಕುತ್ತಿಗೆಯನ್ನು ಅಪ್ಪಿಕೊಂಡು ರಾಯರ ಸ್ತೋತ್ರ ಹೇಳುತ್ತಿದ್ದೆ. ಮುಂದೆ ಮಹಮೂದಾಳ ಕರಿಯ ಬುರುಕಿ ಗಾಳಿಗೆ ಉಬ್ಬಿ ಹಾಯಿಯಂತೆ ಹಾರುತ್ತಿತ್ತು. "ಹಿಮ್ಮಡೀಲೆ ಒದಿಯವಾ ನಲಿನೀ!" ಎಂದು ಅವಳು ಕೂಗಿದರೆ, "ಒದ್ದರ ಅದು ನನ್ನ ಒದೀತದ!" ಎಂದು ನಾನು. ಇದನ್ನು ಕೇಳಿ ಅತ್ತೆಯವರು ಕುದುರೆಯ ಮೇಲೆ ಕುಲುಕಿ ಕುಲುಕಿ ನಕ್ಕರು. ಬಾಯಿಗೆ ಸೆರಗು ಅಡ್ಡ ಹಿಡಿಯದೆ ಅವರು ನಕ್ಕದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಹದ್ದಿನಕಲ್ಲನ್ನು ತಾವು ನೋಡಿಲ್ಲವೆಂದು ತಮ್ಮ ಸಿಪಾಯಿಗಳೇ ಹೇಳುತ್ತಾರೆ, ಆದ್ದರಿಂದ ವಿವರಿಸುತ್ತೇನೆ. ಅರ್ಧ ಗುಡ್ಡದವರೆಗೆ ಕುದುರೆಯ ದಾರಿಯಿದೆ. ಅಲ್ಲಿಂದ ಮೇಲೆ ಕರಿಬಂಡೆಗಳು ಒಂದರ ಮೇಲೊಂದು ಬಿದ್ದಿವೆ; ನಡುವೆ ಕಾರೆಮುಳ್ಳು, ಕವಳಿಕಂಟಿ, ಎತ್ತ ನೋಡಿದರೂ ಸೀತಾಫಲ. ಕುದುರೆಗಳನ್ನು ಕಟ್ಟಿ ಕೈಕಾಲು ಎರಡನ್ನೂ ಊರಿ ಹತ್ತಿದೆವು. ಒಂದು ಕೊರಕಲಿನಲ್ಲಿ ಕರಡಿಯ ವಾಸನೆ ಬರುತ್ತಿದೆಯೆಂದು ಮಹಮೂದಾ ಹೇಳಿದ್ದೇ ತಡ, ನಾನು ಯಾರ ಸಹಾಯವೂ ಇಲ್ಲದೆ ಮುಂದಿನ ಬಂಡೆಯ ಮೇಲಿದ್ದೆ. ಆಮೇಲೆ ನೋಡಿದರೆ ಅದು ಯಜಮಾನರ ಕೋಟಿನ ವಾಸನೆ. ನಗೆಯಿಂದ ಮೂವರಿಗೂ ಮೈಯಲ್ಲಿ ಬಲವೇ ಉಳಿಯಲಿಲ್ಲ. ಬಂಡೆಗೆ ಒರಗಿ ಕೂತು ಸುಧಾರಿಸಿಕೊಂಡೆವು.

ತುದಿಯ ಬಂಡೆಯ ಮೇಲೆ ಏರಿ ನಿಂತೆವು. ಕೆಳಗೆ ತುಂಗಭದ್ರೆ ಬಿಸಿಲಿಗೆ ಹೊಳೆಯುತ್ತ ಡೊಂಕಾಗಿ ಹರಿದಿದ್ದಳು. ಐರಣಿಯ ಕೋಟೆ ಮಕ್ಕಳು ಮಣ್ಣಿನಲ್ಲಿ ಕಟ್ಟಿದ್ದರ ಹಾಗೆ. ದೂರದಲ್ಲಿ ದೇವರಗುಡ್ಡದ ನೀಲಿ ನೆತ್ತಿ, ಅದರ ಆಚೆ ರೈಲಿನ ಹೊಗೆ. "ಬ್ಯಾಡಗಿ ಯಾವ ದಿಕ್ಕಿಗೆ?" ಎಂದೆ, ಅದು ನನ್ನ ತವರು. ಮಹಮೂದಾ ಕೈ ತೋರಿಸಿದ್ದೇ ನನಗೆ ಸೀನು ಬಂತು. ಮೆಣಸಿನಕಾಯಿಯ ಅಂಗಳಗಳಲ್ಲಿ ಬೆಳೆದ ಮೂಗಿಗೆ ಊರಿನ ಹೆಸರೇ ಸಾಕು. ಅಷ್ಟರಲ್ಲಿ ಜೋರಾಗಿ ಗಾಳಿ ಬೀಸಿ ಅತ್ತೆಯವರ ಸೆರಗು ತಲೆಯಿಂದ ಜಾರಿ ಹೆಗಲ ಮೇಲೆ ಬಿತ್ತು. ನಾನು ಎತ್ತಿ ಹೊದಿಸಲು ಹೋದೆ.

"ಇರಲಿ ಬಿಡವಾ," ಎಂದರು. ಕಣ್ಣು ಮುಚ್ಚಿಕೊಂಡಿದ್ದರು. "ತಲೀಗೆ ಗಾಳಿ ಹತ್ತಲಿಕ್ಕೆ ಹತ್ತೇದ. ಎಷ್ಟು ತಣ್ಣಗ ಅದ ಅಂತಿ!"

ಬಂಡೆಯ ಕುಳಿಯಲ್ಲಿ ಮಳೆಯ ನೀರು ತಿಳಿಯಾಗಿ ನಿಂತಿತ್ತು. ಮೂವರೂ ಬೊಗಸೆ ಅದ್ದಿ ಅದನ್ನೇ ಕುಡಿದೆವು. ಇದನ್ನು ಓದಿ ನಮ್ಮ ಓಣಿಯ ಕೆಲವರು ಹುಬ್ಬೇರಿಸುತ್ತಾರೆಂದು ಬಲ್ಲೆ. ಅತ್ತೆಯವರೇ ಬರೆಯೆಂದಿದ್ದಾರೆ, ಬರೆದಿದ್ದೇನೆ. ಸೀತಾಫಲ ತಿಂದು, ಬೀಜವನ್ನು ಯಾರು ದೂರ ಉಗುಳುತ್ತಾರೆಂದು ಪಂದ್ಯ ಕಟ್ಟಿದೆವು. ಗೆದ್ದವರು ಯಾರೆಂದು ಹೇಳಿದರೆ ನಮ್ಮ ಮನೆತನದ ಮರ್ಯಾದೆ ಉಳಿಯುವುದಿಲ್ಲ.

ಇನ್ನು ಅಪರಾಧದ ಭಾಗಕ್ಕೆ ಬರುತ್ತೇನೆ. ಇಳಿಯುವಾಗ ಗುಡ್ಡದ ಮಗ್ಗುಲಲ್ಲಿ ಒಂದು ಹುಲ್ಲುಬಯಲು ಸಿಗುತ್ತದೆ. ಅಲ್ಲಿಗೆ ಬಂದದ್ದೇ ಅತ್ತೆಯವರು ಮುಂದಕ್ಕೆ ಬಾಗಿ ಚಾಂದನಿಯ ಕಿವಿಯಲ್ಲಿ ಏನೋ ಹೇಳಿದರು. ಚಾಂದನಿ ಹಾರಿತು. ಓಡಿತು ಎಂದು ಬರೆದರೆ ಸುಳ್ಳಾಗುತ್ತದೆ, ಹಾರಿತು. ಬೋಳುತಲೆ, ಹಿಂದೆ ಹಾರುವ ಕೆಂಪು ಸೆರಗು, "ಹೋ... ಹೋ...ಯ್!" ಎಂಬ ಕೂಗು. ಮಹಮೂದಾ ಬಿಡುತ್ತಾಳೆಯೇ? ಬುರುಕಿ ಹಾರಿಸುತ್ತ ಬೆನ್ನು ಹತ್ತಿದಳು. ಅದನ್ನು ಕಂಡು ನವಾಬನಿಗೂ ಪೌರುಷ ಬಂತು. ಮಾನ್ಯರೇ, ನಾನು ಕಿರುಚಿದೆ. ಮೊದಲು ಹೆದರಿಕೆಯಿಂದ, ಆಮೇಲೆ ಏತಕ್ಕೆಂದು ನನಗೇ ತಿಳಿಯದು. ನೆಲ ಕೆಳಗೆ ಎಲ್ಲೋ ಇತ್ತು, ಟೊಪ್ಪಿಗೆ ದೇವರಿಗೇ ಪ್ರೀತಿಯೆಂಬಂತೆ ಒಂದೇ ಕಿವಿಗೆ ತೂಗುತ್ತಿತ್ತು. ಇಪ್ಪತ್ತೈದು ವರ್ಷ ನಾನು ಸುಮ್ಮನೆ ಕೂತುಕೊಂಡು ಬದುಕಿದ್ದೆನಲ್ಲ ಎನ್ನಿಸಿತು.

ಬಯಲಿನ ಆಚೆಯ ಅಂಚಿನಲ್ಲಿ ತಮ್ಮ ಜಂಗಲ್ ಗಾರ್ಡ ಗುಡದಪ್ಪ ಕೂತು ಬುತ್ತಿ ಬಿಚ್ಚುತ್ತಿದ್ದ. ನಮ್ಮನ್ನು ಕಂಡವನು ರೊಟ್ಟಿ ಬಿಟ್ಟ, ರುಮಾಲು ಬಿಟ್ಟ, ಹತ್ತಿರದ ಮರ ಏರಿದ. ಅತ್ತೆಯವರು ಕುದುರೆ ನಿಲ್ಲಿಸಿ, ಇಳಿದು, ರುಮಾಲು ಎತ್ತಿಕೊಂಡು, "ಇಳೀಪಾ ತಮ್ಮಾ, ನಿನ್ನ ರುಮಾಲು ಬಿದ್ದದ" ಎಂದರು.

"ಸ್ವಾಮೇರ, ನನ್ನ ಬಿಟ್ಟಬಿಡ್ರಿ!" ಎಂದು ಮೇಲಿನಿಂದ ಕೂಗು ಬಂತು. "ನಂದೇನೂ ತಪ್ಪಿಲ್ರಿ! ನಾ ಏನೂ ನೋಡಿಲ್ರಿ! ಕಣ್ಣ ಮುಚ್ಚೇನ್ರಿ!"

"ಕಣ್ಣು ತಗೀ, ನಾ ಸ್ವಾಮಿ ಅಲ್ಲ."

"ತಗ್ಯಾಂಗಿಲ್ರಿ!"

ಎಷ್ಟು ಹೇಳಿದರೂ ಇಳಿಯಲಿಲ್ಲ. ಅತ್ತೆಯವರು ರುಮಾಲನ್ನು ಕೆಳಗಿನ ಟೊಂಗೆಗೆ ಸಿಕ್ಕಿಸಿದರು. ಅವನ ರೊಟ್ಟಿಗೆ ಇರುವೆ ಹತ್ತೀತೆಂದು ಬುತ್ತಿಯನ್ನು ಕಟ್ಟಿ ಕಲ್ಲಿನ ಮೇಲಿಟ್ಟರು. ನಾವು ಬಂದುಬಿಟ್ಟೆವು. ನಡೆದದ್ದು ಇಷ್ಟೇ.

ಎರಡು ದಿನ ಬಿಟ್ಟು ಪೇಟೆಯಲ್ಲಿ ತಮ್ಮ ಡಂಗುರ. ಸನ್ಯಾಸಿಯ ವೇಷ ಹಾಕಿದ ಬೋಳುತಲೆಯ ಮುಖಂಡ, ಕರಿಯ ನಿಲುವಂಗಿಯ ಸವಾರ, ಕೋಟು ಟೊಪ್ಪಿಗೆಯ ಯುವಕ, ಮೂವರೂ ಅತ್ಯಂತ ಅಪಾಯಕಾರಿ ಗಂಡಸರು. ಗುಡ್ಡಕ್ಕೆ ಯಾರೂ ಹೋಗಕೂಡದು! ಒಳಗೆ ಕೂತು ಕೇಳುತ್ತಿದ್ದ ಅತ್ತೆಯವರು ಮೊದಲು ಬೆರಗಾದರು, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಇಷ್ಟು ವರ್ಷ ಮಂದಿ ನನ್ನ ಕಂಡರ ಅಪಶಕುನ ಅಂತ ಸರೀತಿದ್ದರು," ಎಂದರು. "ಈಗ ಸರಕಾರನ ಹೆದರಿ ಸರೀಲಿಕ್ಕೆ ಹತ್ತೇದ! ಇದು ಎಷ್ಟೋ ಚಲೋ ಅದ ನಲಿನೀ."

ಆದರೆ ನಗೆ ಬಹಳ ದಿನ ಉಳಿಯಲಿಲ್ಲ. ಊರಲ್ಲಿರುವುದೊಂದೇ ಬಿಳಿ ಕುದುರೆಯೆಂದು ತಮ್ಮವರು ಚಾಂದನಿಯನ್ನು ಹಿಡಿದುಕೊಂಡು ಹೋಗಿ ಕಚೇರಿಯ ಹಿತ್ತಿಲಲ್ಲಿ ಕಟ್ಟಿದರು. ಮಹಮೂದಾಳ ತಂದೆಯನ್ನು ದಿನಾಲು ಕರೆಸಿ, ಗಂಡಸರ ಹೆಸರು ಹೇಳೆಂದು ಬೆಳಗಿನಿಂದ ಸಂಜೆಯವರೆಗೆ ನಿಲ್ಲಿಸಿದರು. ಅವನು ಯಾವ ಗಂಡಸರ ಹೆಸರು ಹೇಳಬೇಕು? ಮಗಳ ಹೆಸರು ಬಾಯಿ ಬಿಡಬಾರದೆಂದು ಆ ಮುದುಕ ತುಟಿ ಕಚ್ಚಿ ನಿಂತ. ಗುಡ್ಡದ ಬುಡದ ಹೊನ್ನವ್ವ ಮತ್ತು ಅವಳ ಓಣಿಯ ಹೆಂಗಸರು ಈ ಹಂಗಾಮಿನಲ್ಲಿ ಸೀತಾಫಲ ಇಳಿಸಿ ಸಂತೆಗೆ ತರುವವರು. "ಹಣ್ಣು ಗಿಡದಾಗ ಬಿರದು ಬೀಳಾಕತ್ಯಾವ್ರಿ, ಪೋಲೀಸರು ಬೆತ್ತ ಹಿಡಕೊಂಡ ನಿಂತಾರ" ಎಂದು ಅವಳು ಬುಟ್ಟಿ ಬೋರಲು ಹಾಕಿ ನಮ್ಮ ಕಟ್ಟೆಯ ಮೇಲೆ ಕೂತಳು. ಅಂದೇ ಅತ್ತೆಯವರು, "ನಡೀರಿ, ಹೋಗಿ ಹೇಳೋಣು" ಎಂದು ಎದ್ದರು.

ತಮ್ಮ ಕಚೇರಿಯಲ್ಲಿ ನಡೆದದ್ದು ತಮಗೆ ನೆನಪಿರಬಹುದು. ಓದುಗರಿಗಾಗಿ ಬರೆಯುತ್ತೇನೆ. ಹೆಂಗಸರೆಂದು ನಮ್ಮನ್ನು ಬಾಗಿಲಲ್ಲೇ ಬಹಳ ಹೊತ್ತು ನಿಲ್ಲಿಸಿದರು. ಒಳಗೆ ಬಂದ ಮೇಲೆ ಅತ್ತೆಯವರು, "ಹದ್ದಿನಕಲ್ಲಿಗೆ ಹೋದವರು ನಾವ. ಆ ಟಾಂಗಾದವಂದು ಏನೂ ತಪ್ಪಿಲ್ಲ, ಕುದುರೀದಂತೂ ಏನೂ ತಪ್ಪಿಲ್ಲ. ಬಿಟ್ಟಬಿಡ್ರಿ" ಎಂದರು.

ತಾವು ನಕ್ಕಿರಿ. "ಅಜ್ಜಿಯವರೇ, ಯಾರನ್ನು ರಕ್ಷಿಸಲು ಬಂದಿದ್ದೀರಿ? ನಿಮ್ಮ ಮಗನನ್ನೇ?" ಎಂದಿರಿ.

"ನನ್ನ ಮಗ ಕುದುರಿ ಮಾರಿ ಸುದ್ದಾ ನೋಡಂಗಿಲ್ಲ" ಎಂದರು ಅತ್ತೆಯವರು. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಯಾವ ಕೋರ್ಟಿನಲ್ಲಿ ಸಿಕ್ಕೀತು?

ತಾವು ಗುಡದಪ್ಪನನ್ನು ಕರೆಸಿದಿರಿ. ಅವನು ಅತ್ತೆಯವರನ್ನು ನೋಡಿದ, ಗುರುತು ಹಿಡಿದ, ಮುಖ ಬಿಳಿಚಿತು. ಮುದುಕಿಯೊಬ್ಬಳಿಗೆ ಹೆದರಿ ಮರ ಹತ್ತಿದೆನೆಂದು ಸಾಹೇಬರ ಮುಂದೆ ಯಾವ ಬಾಯಿಂದ ಹೇಳಿಯಾನು? "ಇವರಲ್ರಿ ಸಾಹೇಬ್ರ. ಅವರು ಇಷ್ಟೆತ್ತರ ಇದ್ದರ್ರಿ. ಗಡ್ಡ ಇತ್ರಿ" ಎಂದ.

"ಗಡ್ಡ ಎಲ್ಲಿಂದ ಬಂತೋ ತಮ್ಮಾ?" ಎಂದರು ಅತ್ತೆಯವರು. ಆಮೇಲೆ ಅವರು ಮಾಡಿದ್ದನ್ನು ನಾನು ಊಹಿಸಿರಲಿಲ್ಲ. ಅಷ್ಟು ಗಂಡಸರ ನಡುವೆ, ತಮ್ಮ ಮೇಜಿನ ಮುಂದೆ, ತಲೆಯ ಮೇಲಿನ ಸೆರಗು ಸರಿಸಿ ನಿಂತರು. "ನೋಡ್ರಿ ಸಾಹೇಬರ. ನೀವು ಹುಡುಕೋ ಬೋಳುತಲಿ ಇದ."

ತಾವು ಮುಖ ತಿರುಗಿಸಿದಿರಿ.

ಮಾನ್ಯರೇ, ನನ್ನ ಪತ್ರವೆಲ್ಲ ಈ ಒಂದು ಗಳಿಗೆಯ ಬಗ್ಗೆಯೇ ಇದೆ. ಬೋಳುತಲೆಯ ಒಬ್ಬ ಗಂಡಸು ಕುದುರೆ ಏರಿ ಗುಡ್ಡ ಹತ್ತಿದನೆಂದು ತಾವು ಒಡನೆಯೇ ನಂಬಿದಿರಿ, ಅವನನ್ನು ಹಿಡಿಯಲು ಸಿಪಾಯಿಗಳನ್ನು ಕಳಿಸಿದಿರಿ. ಅದೇ ತಲೆ ಒಬ್ಬ ಹೆಂಗಸಿನದಾದಾಗ ಕಣ್ಣೆತ್ತಿ ನೋಡುವ ಧೈರ್ಯವೂ ತಮಗಾಗಲಿಲ್ಲ. ಅಪಾಯಕಾರಿಯಾಗುವ ಯೋಗ್ಯತೆಯೂ ನಮಗೆ ಇಲ್ಲವೇ? ನಮ್ಮನ್ನು ಹಿಡಿದು ಜೇಲಿಗೆ ಹಾಕಿದ್ದರೆ ನನ್ನ ಯಜಮಾನರು ಕಾಯದೆಯ ನಾಲ್ಕು ಕಲಮು ಹೇಳಿ ಬಿಡಿಸುತ್ತಿದ್ದರು. ಆದರೆ ಒಬ್ಬರ ಬದುಕಿನ ಅತ್ಯಂತ ಸಂತೋಷದ ದಿನವನ್ನು ಎತ್ತಿ, ಇಲ್ಲದ ಯಾವನೋ ಗಡ್ಡದವನಿಗೆ ಕೊಟ್ಟುಬಿಟ್ಟಿರಲ್ಲ, ಅದನ್ನು ಯಾವ ಕಲಮಿನಿಂದ ಬಿಡಿಸಿಕೊಳ್ಳುವುದು?

ಗುಡದಪ್ಪ ಮರುದಿನವೇ ನಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದ. "ತಪ್ಪಾತ್ರಿ ಅವ್ವಾರ. ಖರೇ ಹೇಳಿದ್ರ ನೌಕರಿ ಹೋಗತಿತ್ರಿ" ಎಂದು ಅತ್ತ. ಅತ್ತೆಯವರು ಅವನಿಗೆ ಉಣ್ಣಿಸಿ, "ನಾನೂ ಅಷ್ಟು ಜೋರಾಗಿ ಕೂಗಬಾರದಿತ್ತು ಬಿಡಪಾ" ಎಂದು ಸಮಾಧಾನ ಹೇಳಿದರು. ಈ ಪತ್ರದಲ್ಲಿ ತನ್ನ ಹೆಸರು ಬರಲಿ, ಇನ್ನು ಮುಚ್ಚಿಟ್ಟು ತಿರುಗುವುದು ಆಗದು ಎಂದು ಅವನೇ ಹೇಳಿದ್ದರಿಂದ ಬರೆದಿದ್ದೇನೆ. ಅವನ ಮೇಲೆ ಸಿಟ್ಟಾಗಬೇಡಿ. ಆ ಬಯಲಿನಲ್ಲಿ ನಮ್ಮ ಅತ್ತೆಯವರು ಬರುತ್ತಿದ್ದ ರೀತಿ ನೋಡಿದ್ದರೆ, ತಮ್ಮ ಕ್ಷಮೆ ಕೋರಿ ಹೇಳುತ್ತೇನೆ, ತಾವು ಅವನಿಗಿಂತ ಮೇಲಿನ ಟೊಂಗೆಯಲ್ಲಿರುತ್ತಿದ್ದಿರಿ.

ಮೊನ್ನೆ ತಾವೇ ಚಾಂದನಿಯನ್ನು ಏರಿ ಗುಡ್ಡದ ತಪಾಸಣೆಗೆ ಹೊರಟದ್ದನ್ನು ಊರು ನೋಡಿದೆ. ಪೇಟೆ ದಾಟುವವರೆಗೆ ಬಹಳ ಗಂಭೀರವಾಗಿ ಇದ್ದಿರಿ. ಎಣ್ಣೆಯ ಗಾಣದ ಹತ್ತಿರ ತಾವು ಇಳಿದ ರೀತಿಯನ್ನು ಇಳಿಯುವುದೆಂದು ಕರೆಯಬೇಕೋ ಬೇರೆ ಏನಾದರೂ ಅನ್ನಬೇಕೋ ಎಂದು ಗಾಣದವರಲ್ಲಿ ಇನ್ನೂ ವಾದ ನಡೆದಿದೆ. ಕುದುರೆ ನೇರವಾಗಿ ಮಹಮೂದಾಳ ಮನೆಗೆ ಬಂತು. ಅವಳು ನೀರು ಕುಡಿಸಿ, ಮೈ ತಿಕ್ಕಿ, ತಾನೇ ಲಗಾಮು ಹಿಡಿದು ಮರಳಿ ತಮ್ಮ ಹಿತ್ತಿಲಿಗೆ ತಂದು ಕಟ್ಟಿದಳು. ಕದ್ದರೆಂಬ ಮಾತು ಬರಬಾರದೆಂದು. ಇದಕ್ಕಿಂತ ಸಭ್ಯವಾದ ದರೋಡೆಯ ತಂಡ ತಮಗೆ ಇನ್ನೆಲ್ಲಿ ಸಿಕ್ಕೀತು?

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಚಾಂದನಿಯನ್ನು ಬಿಡಿ, ಮಹಮೂದಾಳ ತಂದೆಯನ್ನು ಕರೆಸುವುದನ್ನು ನಿಲ್ಲಿಸಿ, ಹಣ್ಣೆಲ್ಲ ಕೊಳೆತುಹೋಗುವ ಮೊದಲು ಹೊನ್ನವ್ವನವರಿಗೆ ಗುಡ್ಡ ತೆರೆಯಿರಿ. ಆಮೇಲೆ ಡಂಗುರದವನನ್ನು ಮತ್ತೊಮ್ಮೆ ಕಳಿಸಿ, ಅಂದು ಹದ್ದಿನಕಲ್ಲು ಏರಿದವರು ರಾಣೇಬೆನ್ನೂರಿನ ಭಾಗೀರಥೀಬಾಯಿ, ಮಹಮೂದಾಬೇಗಂ ಮತ್ತು ನಲಿನಿ ಎಂಬ ಮೂವರು ಹೆಂಗಸರು ಎಂದು ಪೇಟೆಯ ಎಲ್ಲ ಮೂಲೆಗೂ ಕೇಳುವ ಹಾಗೆ ಸಾರಿಸಿರಿ. ತಮಗೆ ಇನ್ನೂ ಸಂಶಯವಿದ್ದರೆ, ಬರುವ ಸಂತೆಯ ದಿನ ಹಾಡುಹಗಲಿನಲ್ಲಿ ಸ್ಟೇಶನ್ನಿನಿಂದ ತಮ್ಮ ಕಚೇರಿಯವರೆಗೆ ಅತ್ತೆಯವರು ಕುದುರೆಯ ಮೇಲೆ ಬರುತ್ತಾರೆ. ಯಾರ ಒತ್ತಾಯವೂ ಇಲ್ಲ, ಅವರದೇ ನಿಶ್ಚಯ. ನಿನ್ನೆ ನನ್ನ ಯಜಮಾನರು ಅಳುಕುತ್ತ, "ಅವ್ವಾ, ಸಂತೀ ಮಂದಿ ಎಲ್ಲಾ ನೋಡ್ತದಲಾ?" ಎಂದರು.

"ನೋಡಲಿ ಅಂತನ ಹೊಂಟೀನಿ" ಎಂದರು ಅತ್ತೆಯವರು.

ಬಾಗಿಲಿಗೆ ಬಂದು ನಿಲ್ಲಿರಿ. ಈ ಸಲ ಮುಖ ತಿರುಗಿಸಬೇಡಿ.

ಇಂತಿ,
ಕುದುರೆಯಿಂದ ಇಳಿದು ಇಷ್ಟು ದಿನವಾದರೂ ಇನ್ನೂ ನೆಟ್ಟಗೆ ಕೂಡಲಾಗದೆ, ಅಡಿಗೆಮನೆಯ ಕಿಟಕಿಯ ದಂಡೆಯ ಮೇಲೆ ಕಾಗದವಿಟ್ಟು ನಿಂತುಕೊಂಡೇ ಇಷ್ಟನ್ನೂ ಬರೆದ,
ನಲಿನಿ
ರಾಣೇಬೆನ್ನೂರು